ಕಾಲು ತಾಸು

ನರ್ಸಿಂಗ್ ಶಾಲೆಯಲ್ಲಿ ರಕ್ತ ಏರಿಸುವ ಪಾಠವಿದ್ದಾಗಲೆಲ್ಲ ನಿವೃತ್ತ ದಾದಿ ರುದ್ರವ್ವ ರೋಗಿಯಾಗಿ ಮಲಗುತ್ತಿದ್ದಳು. ಸೂಜಿಯಿಲ್ಲದ ಕೊಳವೆಯನ್ನು ಅವಳ ತೋಳಿಗೆ ಅಂಟಿಸುತ್ತಿದ್ದರು.

"ರೋಗಿ ಹೆಸರು ಅವರ ಬಾಯಿಂದನ ಕೇಳ್ರಿ. ರಕ್ತ ಶುರುವಾದ ಮ್ಯಾಲೆ ಕಾಲು ತಾಸು ಪಕ್ಕದಿಂದ ಕದಲಬ್ಯಾಡ್ರಿ. ಥಂಡಿ ಹತ್ತೈತಿ ಅಂದ್ರ ರಕ್ತ ನಿಲ್ಲಿಸಿ, ಡಾಕ್ಟರ್ ಬರೂತನ ಅಲ್ಲೇ ಕುಂದರ್ರಿ," ಎಂದರು ಪಾಠ ಮಾಡುವ ಮೇಡಂ.

ಆ ಕಾಲು ತಾಸಿಗಾಗಿಯೇ ರುದ್ರವ್ವ ಬರುತ್ತಿದ್ದಳು. ಮನೆಯಲ್ಲಿ ಅವಳನ್ನು ಕೇಳುವವರಿರಲಿಲ್ಲ. ಇಂದು ಹೊಸ ಹುಡುಗಿಯೊಬ್ಬಳು ನಾಡಿ ಹಿಡಿದು ಕುಳಿತು, ಊಟದಿಂದ ಮೊಣಕಾಲು ನೋವಿನವರೆಗೆ ಎಲ್ಲ ವಿಚಾರಿಸಿದಳು.

"ಸಾಕು, ಏಳವಾ," ಎಂದರು ಮೇಡಂ ಹುಡುಗಿಗೆ.

ರುದ್ರವ್ವನ ಮುಖ ಬಾಡಿತು. ಹುಡುಗಿ ಕೈ ಬಿಡದೆ, ಅವಳ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದಳು:

"ಥಂಡಿ ಹತ್ತೈತಿ ಅನ್ರಿ ಅಜ್ಜಿ. ಹಾಸ್ಟೆಲ್‌ನಾಗ ನನ್ನ ಕೂಡ ಯಾರೂ ಮಾತಾಡಂಗಿಲ್ಲ."