ಮೇಷ್ಟ್ರ ಟೆಂಟಿನ ತೇವ

"ಎಂಬತ್ತೆರಡು!" ಟೆಂಟಿನ ಜಿಪ್ ಎಳೆದು ಒಳಗಿನ ತೇವಮಾಪಕ ನೋಡಿದವರೇ ಮೇಷ್ಟ್ರು ಕೂಗಿದರು. "ಬೆಳಿಗ್ಗೆ ಅರವತ್ತಿತ್ತು, ಈಗ ಎಂಬತ್ತೆರಡು! ಇಷ್ಟು ತೇವ ಎಲ್ಲಿಂದ ಬರ್ತಿದೆ ಅಂತ ಈ ಮನೇಲಿ ಯಾರಾದ್ರೂ ಹೇಳ್ತೀರಾ?"

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಗಕ್ಕನೆ ನಿಂತಿತು. ಟೈಲರ್ ಅಳಿಯ ಸೂಜಿಗೆ ದಾರ ಪೋಣಿಸುವವನ ಹಾಗೆ ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಳ್ಳಬಾರದಲ್ಲ!

ಮೇಷ್ಟ್ರು ಆಯುಷ್ಯವೆಲ್ಲ ಶಾಲೆಯಲ್ಲಿ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೆ ನಡುಮನೆಯ ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಟೆಂಟು ನಿಲ್ಲಿಸಿ, ಒಳಗೆ ದೀಪ, ಫ್ಯಾನು ಹಾಕಿ ಟೊಮೇಟೊ ಬೆಳೆಸುತ್ತಿದ್ದರು. ಹೋದ ಸಲ ಕಾಯಿ ಬಿಡುವ ಹೊತ್ತಿಗೆ ಬೂಷ್ಟು ಹಿಡಿದು ಗಿಡಗಳೆಲ್ಲ ಕೊಳೆತಿದ್ದವು. ಈ ಸಲವೂ ಕೆಳಗಿನ ಎಲೆಗಳ ಮೇಲೆ ಬೂದು ಚುಕ್ಕೆ ಕಾಣಿಸಿಕೊಂಡಿತ್ತು. ನೀರು ಕಡಿಮೆ ಮಾಡಿದರು. ಒತ್ತೊತ್ತಾಗಿದ್ದ ಎಲೆ ಸವರಿದರು. ತೇವ ಹೀರುವ ಹರಳುಗಳನ್ನು ಬಟ್ಟಲಲ್ಲಿ ಇಟ್ಟರು. ಏನು ಮಾಡಿದರೇನು, ರಾತ್ರಿ ಇಳಿದ ಅಂಕಿ ಸಂಜೆಯ ಹೊತ್ತಿಗೆ ಮತ್ತೆ ಏರಿ ಕೂತಿರುತ್ತಿತ್ತು.

"ನಿಮಗೇನಾದ್ರೂ ಗೊತ್ತಾ, ಅಳಿಯಂದಿರೇ?"

ಮಗಳ ಮದುವೆಯಾಗಿ, ಮೊಮ್ಮಗಳೂ ಹುಟ್ಟಿ, ಎಲ್ಲರೂ ಒಂದೇ ಸೂರಿನಡಿ ಇದ್ದರೂ ಆ 'ಅಂದಿರೇ' ಮಾತ್ರ ಸಡಿಲಾಗಿರಲಿಲ್ಲ.

"ಹೊರಗೆ ಮಳೆ ಅಲ್ವಾ ಮಾವ, ಹವೆಯೇ ಹಾಗಿದೆ."

"ಮಳೆ ಬೆಳಿಗ್ಗೆನೂ ಇತ್ತಲ್ರೀ!"

ಮರುದಿನ ಮಧ್ಯಾಹ್ನ ಮೇಷ್ಟ್ರು ಎಂದಿನಂತೆ ಗ್ರಂಥಾಲಯಕ್ಕೆ ಹೊರಟವರು, ಕನ್ನಡಕ ಮರೆತದ್ದು ನೆನಪಾಗಿ ಅರ್ಧ ದಾರಿಯಿಂದಲೇ ತಿರುಗಿ ಬಂದರು. ಟೆಂಟಿನ ಬಾಗಿಲು ತೆರೆದಿತ್ತು. ಅಳಿಯನ ಅರ್ಧ ದೇಹ ಒಳಗಿತ್ತು, ಬಾಯಲ್ಲಿ ಬಟ್ಟೆ ಕ್ಲಿಪ್ಪುಗಳಿದ್ದವು. ಗಿಡಗಳಿಗೆ ಆಸರೆಯಾಗಿ ಕಟ್ಟಿದ್ದ ದಾರದ ಮೇಲೆ, ಟೊಮೇಟೊ ಕಾಯಿಗಳ ನಡುವೆ, ಮೊಮ್ಮಗಳು ಪುಟ್ಟಿಯ ಲಂಗೋಟಿಗಳು ಸಾಲಾಗಿ ನೇತಾಡುತ್ತಿದ್ದವು. ಪುಟ್ಟಿ ಕೆಳಗೆ ಚಾಪೆಯ ಮೇಲೆ ಮಲಗಿ ದೀಪ ನೋಡುತ್ತ ಕಾಲು ಬಡಿಯುತ್ತಿದ್ದಳು.

"ಏನಿದು?"

ಅಳಿಯನ ಬಾಯಿಂದ ಕ್ಲಿಪ್ಪುಗಳು ಉದುರಿದವು. "ಬಿಸಿಲೇ ಇಲ್ಲ ಮಾವ. ಹಸಿ ಬಟ್ಟೆ ಉಡಿಸಿ ಉಡಿಸಿ ಮಗು ತೊಡೆಯೆಲ್ಲ ಕೆಂಪಗಾಗಿತ್ತು. ಇವಳು ಆಸ್ಪತ್ರೆ ಡ್ಯೂಟಿ ಮುಗಿಸಿ ಬರೋದೇ ಸಂಜೆ. ಇಲ್ಲಿ ಬೆಚ್ಚಗೆ ಗಾಳಿ ಇದೆ, ಬೇಗ ಒಣಗುತ್ತೆ ಅಂತ..."

"ಒಂದು ಮಾತು ಹೇಳೋಕೇನಾಗಿತ್ತು?"

"ನಿಮ್ಮ ಮನೇಲಿ ಇದ್ದೀನಿ. ಇನ್ನು ಟೆಂಟೂ ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ, ಮಾವ?"

ಮೇಷ್ಟ್ರು ಟೆಂಟಿನೊಳಕ್ಕೆ ಬಗ್ಗಿದರು. ಒಂದು ಲಂಗೋಟಿಯ ತುದಿ ಹಿಡಿದು ಹಿಂಡಿದರು. ನೀರು ಕುಂಡದೊಳಕ್ಕೆ ತೊಟತೊಟನೆ ಸುರಿಯಿತು. ಅವರ ಭುಜ ಅಲುಗತೊಡಗಿತು. ಕೋಪವೆಂದುಕೊಂಡು ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಮೇಷ್ಟ್ರಿಗೆ ಬಂದದ್ದು ನಗು. ತಡೆಯಲಾರದೆ ಗೋಡೆ ಹಿಡಿದು ನಿಂತರು.

"ಹಿಂಡೋಕೂ ಬರಲ್ವೇನೋ ನಿನಗೆ? ಒಂದು ಕೆರೇನೇ ತಂದು ನೇತು ಹಾಕಿದ್ದೀಯಲ್ಲೋ! ಆವಿ ಎಲ್ಲಿಂದ ಬರುತ್ತೆ ಅಂತ ಎಷ್ಟು ಮಕ್ಕಳಿಗೆ ಪಾಠ ಮಾಡಿದೀನಿ, ಒಬ್ಬನೂ ಹೀಗೆ ಕಣ್ಣಿಗೆ ಕಟ್ಟೋ ಹಾಗೆ ತೋರಿಸಿರಲಿಲ್ಲ ಕಣೋ!"

ಅಂದೇ ಇಬ್ಬರೂ ಕೂತು ಉಪಾಯ ಹುಡುಕಿದರು. ಟೆಂಟಿನ ಬಿಸಿ ಗಾಳಿಯನ್ನು ಕಿಟಕಿಯಾಚೆ ಉಗುಳುತ್ತಿದ್ದ ಕೊಳವೆ ಕೈಗೆ ಸಿಕ್ಕಿತು. ಅದನ್ನು ಮುಚ್ಚಿದ ಬಾಲ್ಕನಿಯತ್ತ ತಿರುಗಿಸಿ, ಅದರ ಬಾಯಿಗೆ ಎದುರಾಗಿ ದಾರ ಕಟ್ಟಿದರು. ಕೊಳವೆಯ ಉದ್ದ ಸಾಲದ್ದಕ್ಕೆ ಅಳಿಯ ದಪ್ಪ ಬಟ್ಟೆಯ ತೋಳೊಂದನ್ನು ಹೊಲಿದು ಜೋಡಿಸಿದ. ಲಂಗೋಟಿ ಹಿಂಡುವ ಕೆಲಸವನ್ನು ಮೇಷ್ಟ್ರು ತಾವೇ ವಹಿಸಿಕೊಂಡರು. ಟೆಂಟಿನ ತೇವ ಇಳಿದು ನಿಂತಿತು, ಹೊಸ ಎಲೆಗಳು ಚುಕ್ಕೆಯಿಲ್ಲದೆ ಚಿಗುರಿದವು, ಪುಟ್ಟಿಯ ತೊಡೆಯ ಕೆಂಪೂ ಮಾಯವಾಯಿತು. "ಇವರಿಬ್ಬರೂ ಯಾವಾಗಿಂದ ಹೀಗೆ ಹರಟೆ ಹೊಡೀತಾರೆ?" ಎಂದು ಮಗಳಿಗೆ ಆಶ್ಚರ್ಯ.

ಮೊದಲ ಹಣ್ಣು ಕೆಂಪಾದ ದಿನ ಮೇಷ್ಟ್ರು ಮಗಳನ್ನೂ ಅಳಿಯನನ್ನೂ ಟೆಂಟಿನ ಮುಂದೆ ನಿಲ್ಲಿಸಿದರು. ಯಾರೂ ಮುಟ್ಟಕೂಡದು, ಮೊದಲು ಫೋಟೊ ತೆಗೆಯಬೇಕೆಂದು ಅಪ್ಪಣೆಯಾಯಿತು. ಚೆನ್ನಾಗಿ ಕಾಣಲೆಂದು ಪುಟ್ಟಿಯನ್ನು ಎತ್ತಿ ಹಣ್ಣಿನ ಪಕ್ಕಕ್ಕೆ ಹಿಡಿದರು. ಮಗಳು ಫೋನು ಎತ್ತುವಷ್ಟರಲ್ಲಿ ಪುಟ್ಟ ಮುಷ್ಟಿ ಹಣ್ಣನ್ನು ಕಿತ್ತಾಗಿತ್ತು, ಹಿಸುಕಿಯೂ ಆಗಿತ್ತು. ರಸ ಮೇಷ್ಟ್ರ ಇಸ್ತ್ರಿ ಅಂಗಿಯ ಮೇಲೆ ಉದ್ದಕ್ಕೆ ಇಳಿಯಿತು. ಮಗಳೂ ಅಳಿಯನೂ ಉಸಿರು ಬಿಗಿಹಿಡಿದು ನಿಂತರು.

"ಹೇಗಿದೆಯಮ್ಮಾ ರುಚಿ?" ಮೇಷ್ಟ್ರು ಗಂಭೀರವಾಗಿ ಕೇಳಿದರು.

ಪುಟ್ಟಿ ಮುಷ್ಟಿ ನೆಕ್ಕಿದಳು. ಹುಳಿಗೆ ಮುಖವನ್ನೆಲ್ಲ ಕಿವುಚಿಕೊಂಡಳು. ಆಮೇಲೆ ಇನ್ನೊಂದು ಹಣ್ಣಿಗೆ ಕೈ ಚಾಚಿದಳು.