ಹುಡುಗಿಗೆ ಹಾಡು ಬರುತ್ತಾ?

"ಎಲ್ಲಿ, ಒಂದು ಹಾಡು ಹೇಳಮ್ಮ," ಎಂದರು ಹೆಣ್ಣು ನೋಡಲು ಬಂದಿದ್ದ ಗಂಡಿನ ತಂದೆ, ಕೇಸರಿಬಾತು ಮುಗಿಸಿ ಕೈ ಒರೆಸಿಕೊಳ್ಳುತ್ತಾ.

ಈ ಸಂಬಂಧ ತಪ್ಪಿಸಲು ಹುಡುಗಿ ಇದೇ ಮಾತಿಗೆ ಕಾಯುತ್ತಿದ್ದಳು. ನಲವತ್ತು ವರ್ಷದ ಹಿಂದೆ ಊರಿನ ಮೊದಲ ಹೆಂಗಸರ ಪಂಕ್ ರಾಕ್ ಸಂಗೀತ ತಂಡ ಯಾವುದೋ ಗೋಡೌನಿನಲ್ಲಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹಾಡಿದ್ದ ಕ್ಯಾಸೆಟ್ಟೊಂದು ಅವಳ ಹತ್ತಿರವಿತ್ತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಅವಳು ಆ ಕ್ಯಾಸೆಟ್ಟಿನ ಹಾಡನ್ನು ಕಿರುಚಿದಳು: "ಸೌಟು ಮುರಿ! ಸೆರಗು ಹರಿ! ನೋಡೋಕೆ ಬಂದವನ ಮೀಸೆ ತರಿ!"

ಒಂದೇ ಚರಣಕ್ಕೆ ಕಾಫಿ ಲೋಟ ಉರುಳಿತು. ಗಂಡು ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. ಹುಡುಗಿಯ ಅಮ್ಮ ದೇವರ ಫೋಟೋ ಕಡೆ ತಿರುಗಿ ಕೈ ಮುಗಿದರು.

"ಏಳೇ, ಹೋಗೋಣ," ಗಂಡಿನ ತಂದೆ ಹೆಂಡತಿಗೆ ಹೇಳಿ ಎದ್ದರು. "ನಮ್ಮನೇಲಿ ಇವಳು ಇಷ್ಟು ವರ್ಷದಲ್ಲಿ ಒಂದು ದಿನ ದನಿ ಎತ್ತಿದವಳಲ್ಲ. ಇಂಥ ಸೊಸೆ ಜೊತೆ ಹೇಗೆ ಏಗ್ತಾಳೆ?"

ಹೆಂಡತಿ ಏಳಲಿಲ್ಲ.

"ಸ್ವಲ್ಪ ತಡೀರಿ," ಎಂದು ಆಕೆ ಹುಡುಗಿಯ ಕಡೆ ತಿರುಗಿದರು. "ಎರಡನೇ ಚರಣ ಯಾಕಮ್ಮ ಬಿಟ್ಟೆ? ಅದನ್ನ ಬರೆಯೋಕೆ ನನಗೆ ಒಂದು ವಾರ ಹಿಡಿದಿತ್ತು."