ಭಾರಜಲದಲ್ಲಿ ಮಗಳ ಮಾತು

ಕ್ಯಾನ್ಸರಿಗೆ ಕೊಟ್ಟ ಪ್ಲಾಟಿನಂ ಸತ್ತವರ ಕೊನೆಯ ಮಾತನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಕಾಲವದು. ಬೂದಿಯಿಂದ ಅದನ್ನು ಬೇರ್ಪಡಿಸಿ, ಎರಡು ಸೀಸೆಗಳಲ್ಲಿ ಮನೆಯವರ ಕೈಗೆ ಕೊಡುತ್ತಿದ್ದರು. ನೀರಿಗೆ ಹಾಕಿದರೆ, ನೀರಿನ ಪ್ರೋಟಾನುಗಳು ಒಂದೊಂದಾಗಿ ಅದಕ್ಕೆ ದಾಟುವಷ್ಟು ಹೊತ್ತು ಮಾತು ಕೇಳಿಸುತ್ತಿತ್ತು; ಭಾರವಾದ ಹೈಡ್ರೋಜನ್ ಇರುವ ಭಾರಜಲಕ್ಕೆ ಹಾಕಿದರೆ ಇನ್ನೂ ನಿಧಾನವಾಗಿ, ಇನ್ನೂ ಹೆಚ್ಚು ಹೊತ್ತು. ಆಮೇಲೆ ಎಂದೆಂದಿಗೂ ಇಲ್ಲ.

ಮೊದಲ ಸೀಸೆಯನ್ನು ಬರೀ ನೀರಿಗೆ ಹಾಕಿದಾಗ ದೇವೀರಮ್ಮನಿಗೆ ಮಗಳು ಸುನೀತೆಯ ದನಿ ಕೇಳಿಸಿತ್ತು: "ನಂಗೇನೂ ನೋವಿಲ್ಲ ಅಮ್ಮ." ಆ ಒಂದು ಮಾತಿನ ಮೇಲೆ ಅವರು ಆರು ತಿಂಗಳು ಬದುಕಿದ್ದರು.

"ಇದೇ ಕೊನೇ ಸೀಸೆ ಕಣಮ್ಮ. ಭಾರಜಲಕ್ಕೆ ಹಾಕು, ನಿಧಾನವಾಗಿ ಬರಲಿ," ಎಂದರು, ಪ್ರಯೋಗಾಲಯದ ಗ್ರೇಸಿಗೆ.

"ಬೇಡಮ್ಮ. ಅದ್ರಲ್ಲಿ ಮುಚ್ಚಿಟ್ಟಿದ್ದೂ ಕೇಳ್ಸುತ್ತೆ."

"ಅವಳೇನು ಮುಚ್ಚಿಡ್ತಾಳೆ? ಬರೀ ಬಾಯಿಬಡುಕಿ."

ಗ್ರೇಸಿ ಭಾರಜಲದ ಗಾಜಿನ ಪಾತ್ರೆಗೆ ಸೀಸೆ ಬಗ್ಗಿಸಿದಳು. "ನಂಗೇನೂ" ಎಂದ ಮೇಲೆ "ನೋವಿಲ್ಲ" ಬರಲಿಲ್ಲ. ಹಲ್ಲು ಕಚ್ಚಿ ನುಂಗಿದ್ದ ನರಳಿಕೆಯೊಂದು ಶುರುವಾಯಿತು. ಅದು ನಿಲ್ಲಲೇ ಇಲ್ಲ.

"ಆಚೆ ಕೂತ್ಕೊಳ್ಳಿ ಅಮ್ಮ. ಇನ್ನೂ ಅರ್ಧ ಗಂಟೆ ಹೀಗೇ ಇರುತ್ತೆ."

ದೇವೀರಮ್ಮ ಕುರ್ಚಿಯನ್ನು ಗಾಜಿನ ಪಾತ್ರೆಯ ಹತ್ತಿರಕ್ಕೇ ಎಳೆದುಕೊಂಡು, ಅದರ ಮೇಲೆ ಅಂಗೈ ಇಟ್ಟರು.

"ನರಳು ಕಂದ, ಜೋರಾಗೇ ನರಳು," ಎಂದರು. "ನಾನಿಲ್ಲೇ ಇದೀನಿ."